ಕೆಡದ ಕಂಪ್ಯೂಟರಿಗೆ ರಾಮದುರ್ಗದ ಔಷಧ

ಸುಳ್ಳಿನಲ್ಲಿಯೂ ಮೇಲು ಕೀಳು ಉಂಟು. ಮೈಯಲ್ಲಿ ಜ್ವರ ಇಟ್ಟುಕೊಂಡು, ಕೇಳಿದವರಿಗೆ ‘ಆರಾಮ ಅದೀನ್ರಿ’ ಎನ್ನುವುದು ಒಂದು ಬಗೆ. ಹಸಿದ ಹೊಟ್ಟೆಯಲ್ಲಿ ಬೀಗರ ಮನೆಗೆ ಹೋಗಿ ‘ಈಗರೆ ಊಟ ಆತು’ ಎನ್ನುವುದು ಇನ್ನೊಂದು ಬಗೆ. ಇವಕ್ಕೆಲ್ಲ ಮೇಲೆ ಕುಳಿತು ಲೆಕ್ಕ ಕೇಳುವಾತ ಒಂದಿಷ್ಟು ರಿಯಾಯತಿ ಕೊಡಬಹುದು. ನನ್ನ ಸುಳ್ಳಿಗೆ ಮಾತ್ರ ಯಾವ ರಿಯಾಯತಿಯೂ ಸಿಗಲಾರದು ಎಂದು ಇತ್ತೀಚೆಗೆ ಅನಿಸತೊಡಗಿದೆ. ಎಲ್ಲರೂ ಕೆಟ್ಟದ್ದನ್ನು ಚೆನ್ನಾಗಿದೆ ಎಂದು ಸುಳ್ಳು ಹೇಳಿದರೆ, ನಾನು ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರನ್ನು ಕೆಟ್ಟಿದೆ ಎಂದು ಹೇಳಿದೆ. ಒಂದು ಸಲವಲ್ಲ, ಮೂರು ವರ್ಷ. ಅದೂ ನನ್ನದಲ್ಲದ ಹೆಸರಿನಲ್ಲಿ, ನನ್ನದಲ್ಲದ ಊರಿನಿಂದ. ವಯಸ್ಸಾದವರು ತಪ್ಪೊಪ್ಪಿಕೊಳ್ಳುತ್ತೇವೆ ಎಂದರೆ ಜನ ದೊಡ್ಡ ದೊಡ್ಡ ಪಾಪಗಳನ್ನು ಕೇಳಲು ಕಿವಿ ನಿಮಿರಿಸುತ್ತಾರೆ. ನನ್ನಲ್ಲಿ ಅಂಥ ಸರಕಿಲ್ಲ. ಇರುವುದು ಇದೊಂದೇ, ಇದರ ಬೆನ್ನಿಗೆ ಅಂಟಿಕೊಂಡ ಇನ್ನೊಂದು.

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ನನ್ನ ವಿದ್ಯೆ ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಸಲಕ್ಕೆ. ಆಗಿನ ಕಾಲದಲ್ಲಿ ಅಚ್ಚು ಎಂದರೆ ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಕಾಲಿನಿಂದ ತುಳಿಯುವ ಯಂತ್ರಕ್ಕೆ ಕೊಡುವುದು. ಆ ಯಂತ್ರ ಮೊದಲ ವರ್ಷವೇ ನನ್ನ ಎಡಗೈ ಹೆಬ್ಬೆರಳಿನ ತುದಿಯನ್ನು ಉಗುರಿನ ಸಮೇತ ತಿಂದುಹಾಕಿತು. ಅಂದು ತನ್ನ ಹೊಸ ಅಂಗಿಯ ಚುಂಗು ಹರಿದು ನನ್ನ ಬೆರಳಿಗೆ ಸುತ್ತಿ, ದವಾಖಾನೆಗೆ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಓಡಿದವನು ಈರಪ್ಪ. ಅವನು ನಮ್ಮ ಕಂಪೋಜಿಟರ್. ಸೀಸದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಇರುತ್ತವೆ. ಈರಪ್ಪ ಅವನ್ನು ನೀವು ನಾವು ಪೇಪರ್ ಓದಿದಷ್ಟು ಸಲೀಸಾಗಿ ಓದುತ್ತಿದ್ದ. ಮಾಲಕನಾದ ನನಗೆ ಆ ವಿದ್ಯೆ ಕೊನೆಯವರೆಗೂ ಹತ್ತಲಿಲ್ಲ. ಹತ್ತಿದೆ ಎಂದು ಮಾತ್ರ ತೋರಿಸಿಕೊಳ್ಳುತ್ತಿದ್ದೆ. ಯಾವ ತೊಡಕು ಬಂದರೂ ಅವನ ಮೊದಲ ಮಾತು ಒಂದೇ: ‘ಮೊದಲ ಕೈ ತೊಳಕೊ.’ ಕಾಗದ ಸಿಕ್ಕಿಕೊಂಡರೂ ಅದೇ, ಮಸಿ ಹರಡಿದರೂ ಅದೇ, ನಾನು ಹೆಂಡತಿಯ ಜೊತೆ ಜಗಳಾಡಿ ಅಂಗಡಿಗೆ ಬಂದರೂ ಅದೇ. ಮಧ್ಯಾಹ್ನ ನಾವಿಬ್ಬರೂ ಒಂದೇ ಬುತ್ತಿ ಬಿಚ್ಚುತ್ತಿದ್ದೆವು. ನಮ್ಮ ಮನೆಯ ಶೇಂಗಾ ಚಟ್ನಿಯನ್ನು ಅವನು ಹೊಗಳುವುದನ್ನು ಕೇಳಲೆಂದೇ ನನ್ನ ಹೆಂಡತಿ ಗಂಗವ್ವ ಕೆಲವೊಮ್ಮೆ ತಾನೇ ಬುತ್ತಿ ತರುತ್ತಿದ್ದಳು.

ನಮ್ಮ ಕಡೆಯ ಲಗ್ನದ ಕಾರ್ಡು ನೋಡಿದವರಿಗೆ ಗೊತ್ತು. ವರನಿಗೆ ಒಂದು ಸಾಲು, ವಧುವಿಗೆ ಒಂದು ಸಾಲು. ಉಳಿದ ಜಾಗವೆಲ್ಲ ‘ತಮ್ಮ ಸುಖಾಗಮನ ಬಯಸುವವರು’ ಎಂಬುದರ ಕೆಳಗೆ ನಿಲ್ಲುವ ಬಳಗಕ್ಕೆ. ಅಲ್ಲಿ ಹೆಸರು ಹಿಂದುಮುಂದಾದರೆ ಎರಡು ವರ್ಷ ಮಾತು ಬಿಡುತ್ತಾರೆ. ಹೆಸರೇ ಬಿಟ್ಟುಹೋದರೆ ಮಕ್ಕಳ ಕಾಲಕ್ಕೂ ಮುಂದುವರಿಯುತ್ತದೆ. ಆದ್ದರಿಂದ ಪ್ರೂಫನ್ನು ಮನೆಯ ಹಿರಿಯರು ಓದಿ, ಕೆಳಗೆ ‘ಬರೋಬ್ಬರಿ’, ಅಂದರೆ ಎಲ್ಲ ಸರಿಯಿದೆ, ಎಂದು ಬರೆದು ಸಹಿ ಹಾಕದೆ ಈರಪ್ಪ ಯಂತ್ರ ಮುಟ್ಟುತ್ತಿರಲಿಲ್ಲ. ಸಹಿಯಾದ ಪ್ರೂಫನ್ನು ಗೋಡೆಯ ತಂತಿಗೆ ಚುಚ್ಚಿಡುತ್ತಿದ್ದ.

ತೊಂಬತ್ತರ ದಶಕದ ನಡುವಿನ ಒಂದು ಲಗ್ನದ ಹಂಗಾಮು. ಕಿತ್ತೂರಿನ ಒಂದು ಮನೆತನದ ಕಾರ್ಡು ಸಹಿಯಾಗಿ ಬಂದಿತ್ತು. ಈರಪ್ಪ ಕಾಗದ ತರಲು ಹೋಗಿದ್ದ. ಆಗ ನನಗೊಂದು ದುರ್ಬುದ್ಧಿ ಬಂತು. ಕಾರ್ಡಿನ ಬುಡದಲ್ಲಿ ನಮ್ಮ ಪ್ರೆಸ್ಸಿನ ಹೆಸರು ಇರುವೆಯ ಸಾಲಿನಂತೆ ಸಣ್ಣದಾಗಿ ಬರುತ್ತಿತ್ತು. ಅದನ್ನು ತುಸು ದಪ್ಪ ಅಕ್ಷರದಲ್ಲಿ ಹಾಕಬೇಕು, ಕಿತ್ತೂರಿನವರಿಗೂ ನಮ್ಮ ಹೆಸರು ಕಾಣಬೇಕು. ಜಾಗವಿಲ್ಲ. ‘ಸಕಲ ಬಂಧುಗಳು’ ಎಂಬ ಸಾಲು ಎರಡು ಕಡೆ ಇತ್ತು, ಒಂದನ್ನು ಕಿತ್ತರೆ ಯಾರಿಗೇನು ನಷ್ಟ ಎಂದು ಚೌಕಟ್ಟು ಸಡಿಲಿಸಿ ಒಂದು ಸಾಲು ಕಿತ್ತೆ. ತಿರುವುಮುರುವು ಓದುವ ನನ್ನ ವಿದ್ಯೆ ಎಷ್ಟೆಂದು ಆಗಲೇ ಹೇಳಿದ್ದೇನೆ. ನಾನು ಕಿತ್ತದ್ದು ಬಂಧುಗಳನ್ನಲ್ಲ, ವಧುವಿನ ಸೋದರಮಾವನನ್ನು.

ಕಾರ್ಡು ಊರೆಲ್ಲ ಹಂಚಿದ ಮೇಲೆ ಸೋದರಮಾವ ಅಂಗಡಿಗೆ ಬಂದರು. ಎತ್ತರದ ಮನುಷ್ಯ, ಕೂಗಾಡುವವರಲ್ಲ. ತಲೆಯ ಪಟಗ ತೆಗೆದು ಟೇಬಲ್ಲಿನ ಮೇಲಿಟ್ಟರು, ಅದರ ಪಕ್ಕ ಕಾರ್ಡು ಇಟ್ಟರು. ‘ಅಕ್ಕನ ಮಗಳನ್ನ ನನ್ನ ಹೆಗಲ ಮ್ಯಾಲ ಆಡಿಸೇನ್ರಿ. ಕಾರ್ಡಿನ್ಯಾಗ ನಾನ ಇಲ್ಲ. ಮಂದಿ ಮನಿಗೆ ಬಂದು ಕೇಳಾಕ ಹತ್ಯಾರ, ಏನ್ ಜಗಳಾತು ಅಂತ. ಏನ್ ಹೇಳ್ಲಿ?’ ಅಂದರು. ನನ್ನ ಬಾಯಿಂದ ಒಂದು ಮಾತು ಬಂತು. ಅದು ನನ್ನದೇ ಮಾತು ಎಂದು ನಂಬಲು ಇವತ್ತಿಗೂ ಕಷ್ಟ. ‘ಕಂಪೋಜ್ ಮಾಡಾಂವ ಅಂವ ಅದಾನ್ರಿ. ಅವನ್ನ ಕೇಳ್ರಿ.’

ಈರಪ್ಪನ ಬೆನ್ನ ಹಿಂದಿನ ತಂತಿಯಲ್ಲೇ ಸಹಿಯಾದ ಪ್ರೂಫು ನೇತಾಡುತ್ತಿತ್ತು. ಅದರಲ್ಲಿ ಸೋದರಮಾವನ ಹೆಸರು ಇದ್ದಲ್ಲಿಯೇ ಇತ್ತು. ಕೈ ಚಾಚಿ ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಅವನು ನನ್ನನ್ನು ಒಮ್ಮೆ ನೋಡಿದ. ಚಿಮಣಿ ಎಣ್ಣೆಯ ಅರಿವೆಯಿಂದ ಕೈಯ ಮಸಿ ಒರೆಸಿದ, ನೀರಿನಲ್ಲಿ ತೊಳೆದ. ಆಮೇಲೆ ಕೈ ಮುಗಿದು, ‘ತಪ್ಪಾತ್ರಿ ಮಾವಾರ. ಸಂಜಿಕ ಹೊಸಾ ಕಾರ್ಡ ಕೊಡತೇನಿ’ ಅಂದ. ಕೊಟ್ಟ. ನನ್ನ ಜೊತೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಂಗಾಮು ಮುಗಿದ ಮೇಲೆ ಸೀಸದ ಅಕ್ಷರಗಳನ್ನೆಲ್ಲ ತೊಳೆದು, ಅವುಗಳ ಗೂಡುಗಳಿಗೆ ತುಂಬಿ, ‘ರಾಮದುರ್ಗದಾಗ ನಮ್ಮಾಕಿ ಅಣ್ಣಂದು ಅಂಗಡಿ ಐತಿ. ಅಲ್ಲೆ ಹೊಂಟೇನಿ’ ಅಂದ. ನಾನು ‘ಆಗಲಿ’ ಎಂದೆ. ಬೇಡ ಅನ್ನುವುದಕ್ಕೂ ಆಗಲಿ ಅನ್ನುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ ಉಸಿರು ಬೇಕು. ನನಗೆ ಎರಡನೆಯದಕ್ಕೆ ಮಾತ್ರ ಸಾಲುವಷ್ಟಿತ್ತು. ಅವನು ಹೋದ ಮೇಲೆ ನೋಡಿದರೆ ತಂತಿಯಲ್ಲಿ ಆ ಒಂದು ಪ್ರೂಫು ಇರಲಿಲ್ಲ.

ಆಮೇಲೆ ಕಾಲ ಬದಲಾಯಿತು. ತುಳಿಯುವ ಯಂತ್ರ ಹಳೆಯ ಕಬ್ಬಿಣದ ತೂಕಕ್ಕೆ ಮೋಡಕಾ ಅಂಗಡಿಗೆ ಹೋಯಿತು, ಅದರ ಜಾಗದಲ್ಲಿ ಕಂಪ್ಯೂಟರ್ ಬಂತು. ಹೆಬ್ಬೆರಳು ತಿನ್ನುವುದಿಲ್ಲ ಎಂಬುದೊಂದು ಬಿಟ್ಟರೆ ಅದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ನನಗೆ ಕಾಣಲಿಲ್ಲ. ಎರಡಕ್ಕೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಒತ್ತಕ್ಷರ ಒತ್ತಿಕೊಳ್ಳದೆ ಪಕ್ಕಕ್ಕೆ ಹೋಗಿ ನಿಲ್ಲುತ್ತಿತ್ತು. ಸಂಜೆ ನೆಟ್ಟಗಿದ್ದ ಕಾರ್ಡು ಮುಂಜಾನೆ ತೆರೆದರೆ ಅಕ್ಷರದ ಬದಲು ಬರಿ ಚೌಕಗಳು. ರಿಪೇರಿಯವನು ಧಾರವಾಡದಿಂದ ಬರಬೇಕು. ಅವನು ಬರುವಷ್ಟರಲ್ಲಿ ಲಗ್ನವಾಗಿ ಮಗುವಿನ ಹೆಸರಿಡುವ ಕಾರ್ಡಿನ ಹೊತ್ತಾಗಿರುತ್ತಿತ್ತು. ಆಗ ಯಾರೋ ಹೇಳಿದರು, ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಿಸುವ ಡಿಟಿಪಿಯವರದೊಂದು ಗುಂಪು ಇಂಟರ್ನೆಟ್ಟಿನಲ್ಲಿದೆ, ಅಲ್ಲಿ ಮೇಲ್ ಹಾಕಿದರೆ ಗೆಳೆಯರು ಪುಕ್ಕಟೆ ದಾರಿ ತೋರಿಸುತ್ತಾರೆ ಎಂದು. ಫೋನಿನ ತಂತಿ ಸಿಕ್ಕಿಸಿ, ಅದು ಕುಂಯ್‌ಗುಟ್ಟಿ ಕೂಗಿ ಸುಮ್ಮನಾದ ಮೇಲೆ ಗುಂಪಿಗೆ ಸೇರಿದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಕಾಲ ಅದು. ಹಳೆಯ ಪತ್ರಗಳನ್ನು ಓದುತ್ತಾ ಹೋದೆ. ಯಾರೋ ಒಬ್ಬರು ಪ್ರಿಂಟರ್ ಅರ್ಧ ಪುಟ ಕೊಟ್ಟು ನಿಲ್ಲುತ್ತದೆ ಎಂದು ಗೋಳಾಡಿದ್ದರು. ಕೆಳಗೆ ಉತ್ತರ: ‘ಮೊದಲ ಎಲ್ಲಾ ಬಂದ್ ಮಾಡ್ರಿ. ಕೈ ತೊಳಕೋರಿ. ಒಂದ್ ಗ್ಲಾಸ್ ನೀರು ಕುಡದು ಆಮ್ಯಾಲ ಚಾಲೂ ಮಾಡ್ರಿ. ನಿಮ್ಮ ಈರಪ್ಪ, ರಾಮದುರ್ಗ.’ ಅದರ ಕೆಳಗೆ ಗೋಳಾಡಿದವರ ಧನ್ಯವಾದ, ಪ್ರಿಂಟರ್ ನಡೆಯಿತಂತೆ.

ನಾನು ಎಷ್ಟು ಹೊತ್ತು ಆ ಹೆಸರು ನೋಡುತ್ತಾ ಕುಳಿತೆನೋ. ಏಳನೇ ಇಯತ್ತೆ ಓದಿದ ಈರಪ್ಪ ಅಷ್ಟು ಜನರ ತೊಡಕುಗಳನ್ನು, ಹಿಂದೆ ಸೀಸದ ಸಾಲು ಬಿಡಿಸಿದಂತೆಯೇ, ಒಂದೊಂದಾಗಿ ಬಿಡಿಸುತ್ತಿದ್ದ. ಬರೆಯಬೇಕೆನಿಸಿತು. ಏನೆಂದು ಬರೆಯುವುದು? ನನ್ನ ಹೆಸರು ನೋಡಿ ಅವನು ಉತ್ತರ ಕೊಡದಿದ್ದರೆ? ಕೊಟ್ಟರೆ ಇನ್ನೂ ಕಷ್ಟ. ಹೀಗೆಂದು ‘ಸದಾನಂದ, ಸವದತ್ತಿ’ ಎಂಬ ಹೊಸ ಮನುಷ್ಯನನ್ನು ಹುಟ್ಟಿಸಿದೆ. ಸದಾನಂದ ಒತ್ತಕ್ಷರದ ತೊಡಕು ಹೇಳಿಕೊಂಡ. ಮರುದಿನವೇ ಉತ್ತರ ಬಂತು, ಮೊದಲ ಸಾಲಿನಲ್ಲಿ ಕೈ ತೊಳೆಯುವ ಅಪ್ಪಣೆಯೊಂದಿಗೆ. ನಾನು ಎದ್ದು ಹೋಗಿ ನಿಜವಾಗಿಯೂ ಕೈ ತೊಳೆದು ಬಂದೆ.

ತೊಡಕು ಬಗೆಹರಿಯಿತು. ಅದೇ ದೊಡ್ಡ ತೊಡಕಾಯಿತು. ಕೊಳ್ಳಲು ಏನೂ ಇಲ್ಲದವನು ಅಂಗಡಿಯ ಮುಂದೆ ನಿಂತಂತೆ, ಕೇಳುವುದಿಲ್ಲದೆ ಬರೆಯುವುದು ಹೇಗೆ? ಎರಡು ವಾರ ಕಂಪ್ಯೂಟರ್ ಕೆಡಲಿ ಎಂದು ಕಾದೆ. ಅದು ಹಟ ಹಿಡಿದವರಂತೆ ನೆಟ್ಟಗೆ ನಡೆಯಿತು. ಕೊನೆಗೆ ನಾನೇ ಕೆಡಿಸತೊಡಗಿದೆ, ಬರಿ ಮಾತಿನಲ್ಲಿ. ಮೌಸು ಬಲಕ್ಕೆ ಸರಿಸಿದರೆ ಬಾಣ ಎಡಕ್ಕೆ ಹೋಗುತ್ತದೆ ಎಂದೆ. ‘ಬಾಲ ನಿಮ್ಮ ಕಡೆ ಮಾಡಿ ಹಿಡದಿರಬೇಕು ನೋಡ್ರಿ, ಮೌಸು ತಿರುವ್ರಿ’ ಎಂದು ಉತ್ತರ. ಪರದೆಯ ಮೇಲೆ ‘ಳ’ ಅಳುತ್ತಿರುವಂತೆ ಕಾಣುತ್ತದೆ ಎಂದೆ. ‘ಪರದಿ ಒರಸ್ರಿ’ ಎಂದು ಉತ್ತರ. ಗುಂಪಿನಲ್ಲಿ ಸದಾನಂದ ಎಂದರೆ ಒಂದು ನಗೆಪಾಟಲು. ಸವದತ್ತಿಗೆ ಹೋಗುವ ಕರೆಂಟನ್ನೇ ತೆಗೆದುಬಿಟ್ಟರೆ ಎಲ್ಲರಿಗೂ ನೆಮ್ಮದಿ ಎಂದು ಒಬ್ಬರು ಬರೆದರು. ಈರಪ್ಪ ಅವರನ್ನು ಮೆಲ್ಲಗೆ ಗದರಿದ, ಕೇಳುವವನಿಗೆ ಏನು ತ್ರಾಸ ಇರುತ್ತದೋ ಯಾರಿಗೆ ಗೊತ್ತು ಎಂದು. ಅಂದು ನಾನು ಊಟ ಮಾಡಲಿಲ್ಲ.

ಗಂಗವ್ವನಿಗೆ ಎಲ್ಲ ಗೊತ್ತಿತ್ತು. ಹೆಂಡತಿಯರಿಗೆ ಗೊತ್ತಾಗಲು ಇಂಟರ್ನೆಟ್ಟೇನೂ ಬೇಕಾಗಿಲ್ಲ. ಮೂರನೆಯ ವರ್ಷ ಒಮ್ಮೆ ನಾನು ಕಾಲ್ಪನಿಕ ಕಾಯಿಲೆಗೆ ಸರಿಯಾದ ಲಕ್ಷಣ ಬರೆಯಲೆಂದು ಕೆಲವು ಕಡತ ಅಳಿಸಿ ನೋಡಿ, ನಿಜವಾಗಿಯೂ ಫಾಂಟುಗಳನ್ನೆಲ್ಲ ಕಳೆದುಕೊಂಡು ಆರು ಮನೆಯ ಕಾರ್ಡುಗಳನ್ನು ಚೌಕ ಮಾಡಿ ಕುಳಿತಿದ್ದೆ. ಬುತ್ತಿ ತಂದವಳು ಪರದೆ ನೋಡಿ ಹೇಳಿದಳು: ‘ರಾಮದುರ್ಗ ಏನ್ ಪರದೇಶ ಐತೇನು? ಬಸ್ಸಿನ್ಯಾಗ ಕುಂತ್ರ ಮಧ್ಯಾಹ್ನದ ಊಟಕ್ಕ ಹೊಕ್ಕೀರಿ. ನಿಮ್ಮ ಬಾಯಿ ಕೆಟ್ಟೈತಿ, ನೀವು ಮಿಷಿನ್ ರಿಪೇರಿ ಮಾಡಸಾಕ ಹತ್ತೀರಿ.’ ಚಟ್ನಿಯ ಡಬ್ಬಿ ಮುಚ್ಚುತ್ತಾ, ಅವನು ಹೋದ ಮೇಲೆ ಇದನ್ನು ಹೊಗಳುವವರೂ ಇಲ್ಲ ಎಂದು ಸೇರಿಸಿದಳು. ನಾನೂ ಅದನ್ನೇ ತಿನ್ನುತ್ತಿದ್ದೆ, ಚೆನ್ನಾಗಿಯೇ ಇತ್ತು. ಹೇಳಲು ಹೋಗಲಿಲ್ಲ, ಅದಕ್ಕೂ ಈರಪ್ಪನೇ ಬೇಕು ಎನ್ನುವಂತೆ.

ಆ ಫಾಂಟುಗಳು ಹೋದ ಸಂಗತಿಯನ್ನು ಸದಾನಂದ ಬರೆದ. ನಿಜವಾದ ತೊಡಕು ಬರೆಯುವುದರಲ್ಲಿ ಎಂಥ ಸುಖವಿತ್ತು. ಈರಪ್ಪ ಉತ್ತರಿಸಿದ, ಮೇಲ್‌ನಲ್ಲಿ ಅಷ್ಟು ದೊಡ್ಡ ಕಡತ ಹೋಗುವುದಿಲ್ಲ, ಬರುವ ಹುಣ್ಣಿಮೆಗೆ ತಾನು ಎಲ್ಲಮ್ಮನ ಗುಡ್ಡಕ್ಕೆ ಬರುತ್ತೇನೆ, ಇಳಿದು ಬರುವಾಗ ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ, ಸಿಡಿ ಕೊಟ್ಟು ಹೋಗುತ್ತೇನೆ ಎಂದು. ಇಲ್ಲದ ಸದಾನಂದನಿಗೆ ಮೈ ಬೆವರಿತು. ಊರಲ್ಲಿರುವುದಿಲ್ಲ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಅವನನ್ನು ಒಂದು ಸಲ ಕಣ್ಣಿಂದ ನೋಡಬೇಕಿತ್ತು.

ಹುಣ್ಣಿಮೆಯ ಮುಂಜಾನೆ ಮೊದಲ ಬಸ್ಸಿಗೆ ಸವದತ್ತಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಮೂಲೆ ಹಿಡಿದು ಪೇಪರ್ ಬಿಡಿಸಿಕೊಂಡು ಕುಳಿತೆ. ‘ಉಧೋ ಉಧೋ’ ಎನ್ನುತ್ತಾ ಇಳಿಯುವ ಹತ್ತುವ ಮಂದಿಯ ನಡುವೆ ಈರಪ್ಪ ಬಂದ. ಹಣೆಯ ಮೇಲೆ ಅರಿಶಿನದ ಭಂಡಾರ, ಹೆಗಲಿಗೆ ಅರಿವೆಯ ಚೀಲ. ನನ್ನ ಬಳಿಯಿಂದ ಹೊರಟಾಗ ಕಪ್ಪಗಿದ್ದ ತಲೆ ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಕುಳಿತ. ಬಸ್ಸುಗಳನ್ನು ನೋಡಿದ. ಚೀಲದಿಂದ ಸಿಡಿ ತೆಗೆದು ಧೋತರದ ಚುಂಗಿನಿಂದ ಒರೆಸಿ ಮತ್ತೆ ಒಳಗಿಟ್ಟ. ರಾಮದುರ್ಗದ ಬಸ್ಸು ಒಂದು ಬಂದು ಹೋಯಿತು, ಹತ್ತಲಿಲ್ಲ. ನಡುವೆ ಇದ್ದದ್ದು ಒಂದು ರಸ್ತೆ, ಅದರಲ್ಲಿ ಎರಡು ಕಬ್ಬಿನ ಹಾಲಿನ ಗಾಡಿ. ನಾನು ಎರಡು ಸಲ ಎದ್ದೆ. ಎರಡು ಸಲವೂ ಚಹಾದವನು ಇನ್ನೊಂದು ಕಪ್ಪು ಬೇಕೇನೋ ಎಂದು ತಿಳಿದು ತಂದಿಟ್ಟ.

ಮೂರನೆಯ ಕಪ್ಪಿನ ಹೊತ್ತಿಗೆ ಈರಪ್ಪನೇ ರಸ್ತೆ ದಾಟಿ ಅಂಗಡಿಗೆ ಬಂದ. ನಾನು ಪೇಪರನ್ನು ಮುಖಕ್ಕೆ ಎತ್ತಿಕೊಂಡೆ. ಬೆಳೆಯ ಧಾರಣೆಯ ಪುಟ. ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ‘ಇಲ್ಲೆ ಸದಾನಂದ ಅನ್ನೋರು ಡಿಟಿಪಿ ಅಂಗಡಿ ಇಟ್ಟಾರಂತ. ಗೊತ್ತೇನ್ರಿ?’ ಎಂದು ಕೇಳಿದ. ಅದೇ ದನಿ. ಚಹಾದವನು, ‘ಅಂಥಾವ್ರು ನಮ್ಮೂರಾಗ ಯಾರೂ ಇಲ್ರಿ’ ಎಂದ. ಆಮೇಲೆ ಈರಪ್ಪ ಮೆಲ್ಲಗೆ, ‘ಹೌದ್ರಿ. ಇರಾಕಿಲ್ಲ’ ಅಂದ. ಚಹಾ ಕುಡಿದ, ಹೋದ. ಬಸ್ಸು ಹೊರಟ ಸದ್ದು ಕೇಳಿ ಪೇಪರ್ ಇಳಿಸಿದರೆ ಚಹಾದವನು ಮುಂದೆ ನಿಂತಿದ್ದ, ಕೈಯಲ್ಲಿ ಸಿಡಿ. ‘ಅವರು ನಿಮಗ ಕೊಡಂದ್ರು. ನಿಮ್ಮ ಮೂರೂ ಚಹಾದ್ದೂ ಕೊಟ್ಟು ಹೋಗ್ಯಾರ.’

ಪೇಪರು ಮುಖ ಮುಚ್ಚುತ್ತದೆ. ಅದನ್ನು ಹಿಡಿದ ಬೆರಳನ್ನು ಮುಚ್ಚುವುದಿಲ್ಲ. ಉಗುರಿಲ್ಲದ ಆ ಹೆಬ್ಬೆರಳಿಗೆ ಅಂಗಿ ಹರಿದು ಸುತ್ತಿದವನು ಅದನ್ನು ಮರೆತಿರುತ್ತಾನೆಂದು ನಾನು ಹೇಗೆ ತಿಳಿದೆನೋ.

ಅಂಗಡಿಗೆ ಬಂದು ಸಿಡಿ ಹಾಕಿದೆ. ಬೇಕಾದ ಫಾಂಟುಗಳೆಲ್ಲ ಇದ್ದವು. ಜೊತೆಗೆ, ಫಾಂಟು ಸರಿಯಾಗಿ ಮೂಡುತ್ತದೋ ಇಲ್ಲವೋ ನೋಡಲು, ‘ನಮೂನೆ’ ಎಂಬ ಒಂದು ಕಡತ. ತೆರೆದೆ. ಕಿತ್ತೂರಿನ ಆ ಲಗ್ನದ ಕಾರ್ಡು. ತಂತಿಯಿಂದ ಒಯ್ದ ಪ್ರೂಫನ್ನು ನೋಡಿ ಅವನು ಸಾಲಿಗೆ ಸಾಲು ಮತ್ತೆ ಕಟ್ಟಿದ್ದ. ಅಂದರೆ ನನ್ನ ಹೆಬ್ಬೆರಳು ಕಾಣುವ ಮೊದಲೇ ಸದಾನಂದ ಯಾರೆಂದು ಅವನಿಗೆ ಗೊತ್ತಿತ್ತು. ಸೋದರಮಾವ ತಮ್ಮ ಜಾಗದಲ್ಲಿದ್ದರು. ಬುಡದಲ್ಲಿ ನಮ್ಮ ಪ್ರೆಸ್ಸಿನ ಹೆಸರು, ನಾನು ಅಂದು ಬಯಸಿದಷ್ಟೇ ದಪ್ಪ ಅಕ್ಷರದಲ್ಲಿ. ಎರಡಕ್ಕೂ ಜಾಗವಿತ್ತು. ಅವನನ್ನು ಕೇಳಿದ್ದರೆ ಅಂದೂ ಮಾಡಿಕೊಡುತ್ತಿದ್ದ.

ಸದಾನಂದ ಅಂದೇ ತೀರಿಕೊಂಡ. ನಾನು ನನ್ನ ಹೆಸರಿನಲ್ಲಿ, ಕನ್ನಡ ಅಕ್ಷರದಲ್ಲಿ, ಅವನೇ ಕೊಟ್ಟ ಫಾಂಟಿನಲ್ಲಿ ಒಂದು ಪತ್ರ ಬರೆದೆ. ಬರೆಯಲು ಒಂದು ತಿಂಗಳು ಹಿಡಿಯಿತು. ಸಾಲು ಕಿತ್ತವನು ನಾನು, ನಿನ್ನ ಮೇಲೆ ಹಾಕಿದವನೂ ನಾನು, ತಪ್ಪಾಯಿತು, ಒಂದು ದಿನ ಬಂದು ಕಾಣುತ್ತೇನೆ ಎಂದಿಷ್ಟು. ಕಳಿಸಿದೆ. ಮೂರು ದಿನಕ್ಕೆ ಉತ್ತರ ಬಂತು: ‘ಅಕ್ಷರ ಮೂಡಿಲ್ಲ. ಬರೇ ಚೌಕ ಬಂದಾವು. ನೀನ ಬಂದು ಓದಿ ಹೇಳು.’ ಕರ್ನಾಟಕದ ಅರ್ಧ ಡಿಟಿಪಿಯವರ ಮೂಡದ ಅಕ್ಷರಗಳನ್ನು ಮೂಡಿಸಿದವನಿಗೆ, ತನ್ನದೇ ಫಾಂಟಿನ ನನ್ನ ನಾಲ್ಕು ಸಾಲು ಮೂಡಲಿಲ್ಲವಂತೆ. ಗಂಗವ್ವನಿಗೆ ಓದಿ ಹೇಳಿದೆ. ಅವಳು ಚಟ್ನಿಗೆ ಶೇಂಗಾ ಹುರಿಯಲು ಒಳಗೆ ಹೋದಳು.

ಚಟ್ನಿ ತಯಾರಾಯಿತು. ನಾನು ಆಗಲಿಲ್ಲ. ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿಯವರೆಗೆ ಹೋದೆ, ಚಹಾ ಕುಡಿದೆ, ತಿರುಗಿ ಬಂದೆ. ಚಟ್ನಿಯನ್ನು ಅಲ್ಲಿ ನಿಂತಿದ್ದ ರಾಮದುರ್ಗದ ಬಸ್ಸಿನ ಒಬ್ಬ ಕಂಡಕ್ಟರನಿಗೆ ಕೊಟ್ಟೆ, ಬಹಳ ಹೊಗಳಿದ. ಹೀಗೆ ಇನ್ನೆರಡು ಸಲ.

ಎಂಟು ತಿಂಗಳ ಹಿಂದೆ ಅದೇ ಕಂಡಕ್ಟರ್ ಅಂಗಡಿಗೆ ಬಂದು ಒಂದು ಲಕೋಟೆ ಕೊಟ್ಟು ಹೋದ. ಒಳಗೆ ನನ್ನ ಪತ್ರ, ಒಳ್ಳೆಯ ಕಾಗದದಲ್ಲಿ ಪ್ರೂಫು ತೆಗೆದದ್ದು. ಒಂದು ಅಕ್ಷರವೂ ಚೌಕವಾಗಿರಲಿಲ್ಲ. ಮೈತುಂಬ ಕೆಂಪು ಮಸಿಯ ತಿದ್ದುಪಡಿ. ಎರಡು ಕಡೆ ದೀರ್ಘ ಬಿಟ್ಟಿದ್ದೆ, ಹಾಕಿದ್ದ. ‘ತಪ್ಪಾಯಿತು’ ಎಂಬುದು ಗೊತ್ತಿಲ್ಲದೆ ಮೂರು ಸಲ ಬಂದಿತ್ತು. ಎರಡನ್ನು ಹೊಡೆದು ಅಂಚಿನಲ್ಲಿ ‘ಒಮ್ಮೆ ಸಾಕು’ ಎಂದು ಬರೆದಿದ್ದ. ‘ಒಂದು ದಿನ’ ಎಂಬುದರ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ‘ಯಾವ ದಿನ?’ ಎಂಬ ಪ್ರಶ್ನೆ. ಕೆಳಗೆ, ನನ್ನ ಸಹಿಯ ಆಚೆ ಉಳಿದಿದ್ದ ಖಾಲಿ ಜಾಗದಲ್ಲಿ, ಅವನ ದುಂಡು ಅಕ್ಷರ: ‘ತಮ್ಮ ಸುಖಾಗಮನ ಬಯಸುವವರು, ಈರಪ್ಪ, ರಾಮದುರ್ಗ.’ ಅದರಡಿ ಕಂಪೋಜಿಟರನ ಸೂಚನೆ, ‘ವಾರ ತಾರೀಖು ಹಾಕಿಲ್ಲ. ಹಾಕಿ, ಬರೋಬ್ಬರಿ ಅಂತ ಸಹಿ ಮಾಡು.’

ತಾರೀಖಿಲ್ಲದ ಕಾರ್ಡು ಹಂಚಿದರೆ ಊಟಕ್ಕೆ ಯಾರೂ ಬರುವುದಿಲ್ಲ ಎಂದು ನಾನು ನಲವತ್ತು ವರ್ಷ ಗಿರಾಕಿಗಳಿಗೆ ಬುದ್ಧಿ ಹೇಳಿದವನು. ಆ ಪ್ರೂಫಿನಲ್ಲಿ ತಾರೀಖು ಹಾಕಿದೆ, ಪೆನ್ಸಿಲ್ಲಿನಲ್ಲಿ. ಆ ತಾರೀಖು ಬಂತು, ಮೊಣಕಾಲು ನೋವು ಬಂತು, ಅಳಿಸಿದೆ. ಇನ್ನೊಂದು ಹಾಕಿದೆ, ಅಳಿಸಿದೆ. ಈಗ ಆ ಜಾಗದಲ್ಲಿ ಕಾಗದ ತೆಳುವಾಗಿ ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ಇನ್ನೊಂದು ಸಲ ಅಳಿಸಿದರೆ ತೂತು ಬೀಳುತ್ತದೆ. ಅದಕ್ಕಾಗಿಯೇ ಈ ಪ್ರಬಂಧ ಬರೆದೆ. ಅಚ್ಚಾದದ್ದನ್ನು ಅಳಿಸಲು ಬರುವುದಿಲ್ಲ ಎಂಬುದು ನನಗೆ ನನ್ನ ಕಸುಬು ಕಲಿಸಿದ ಒಂದೇ ಪಾಠ. ಆದ್ದರಿಂದ ನೀವೆಲ್ಲ ಸಾಕ್ಷಿಯಾಗಿರಿ, ಶಾಯಿಯಲ್ಲಿ ಹೇಳುತ್ತಿದ್ದೇನೆ: ಬರುವ ಸೋಮವಾರ ಮುಂಜಾನೆ, ಕೈ ತೊಳೆದುಕೊಂಡು, ಚಟ್ನಿಯ ಡಬ್ಬಿ ಹಿಡಿದು, ರಾಮದುರ್ಗಕ್ಕೆ ಹೊರಡುತ್ತೇನೆ. ಯರಗಟ್ಟಿಯಲ್ಲಿ ಚಹಾ ಕುಡಿಯುವುದಿಲ್ಲ.

ಇದು ಅಚ್ಚಾಗಿ ಈರಪ್ಪನ ಕೈ ಸೇರಿದರೆ ಅವನು ಏನು ಮಾಡುತ್ತಾನೆಂದು ನನಗೆ ಗೊತ್ತು. ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದು, ಕೊನೆಯ ಪುಟಕ್ಕೆ ಬಂದು, ಒಂದು ಶಬ್ದದ ಸುತ್ತ ಗೆರೆ ಎಳೆದು ಅಂಚಿನಲ್ಲಿ ಬರೆಯುತ್ತಾನೆ: ‘ಯಾವ ಸೋಮವಾರ?’